ಮೆಮೊರಿ ಮುಗಿಯಿತೆಂದು ಕರ್ನಲ್‌ಗೆ ತಿಳಿಯುವುದು ಹೇಗೆ?

8 ಜಿಬಿ ರ‍್ಯಾಮ್ ಇರುವ ಲಿನಕ್ಸ್ ಲ್ಯಾಪ್‌ಟಾಪೊಂದರಲ್ಲಿ ಸಿ ಭಾಷೆಯ ಹತ್ತು ಸಾಲಿನ ಪ್ರೋಗ್ರಾಮ್ ಬರೆದು, ಮ್ಯಾಲಕ್ ಮೂಲಕ ಒಂದೊಂದೇ ಜಿಬಿಯಂತೆ ನೂರು ಬಾರಿ ಮೆಮೊರಿ ಕೇಳಿ ನೋಡಿ. ಸೆಟ್ಟಿಂಗುಗಳನ್ನು ಯಾರೂ ಬದಲಿಸಿರದಿದ್ದರೆ ನೂರು ಬಾರಿಯೂ ‘ಕೊಟ್ಟೆ’ ಎಂಬ ಉತ್ತರವೇ ಬರುತ್ತದೆ. ಇದ್ದದ್ದು 8, ಕೊಟ್ಟದ್ದು 100. ಆದರೂ ಯಂತ್ರ ತಣ್ಣಗಿರುತ್ತದೆ. ಈಗ ಅದೇ ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿಸಿ, ಸಿಕ್ಕ ಪ್ರತಿಯೊಂದು ಜಿಬಿಯನ್ನೂ ಸೊನ್ನೆಯಲ್ಲದ ಯಾವುದಾದರೂ ಅಂಕಿಯಿಂದ ತುಂಬಿಸುತ್ತ ಹೋಗಿ (ತೆರೆದಿಟ್ಟ ಕೆಲಸಗಳನ್ನೆಲ್ಲ ಮೊದಲು ಸೇವ್ ಮಾಡಿಕೊಂಡಿದ್ದರೆ ಒಳ್ಳೆಯದು). ಆರೇಳು ಜಿಬಿ ತುಂಬುವ ಹೊತ್ತಿಗೆ, ಸ್ವಾಪ್ (ರ‍್ಯಾಮ್ ಸಾಲದಾದಾಗ ಬಳಸಲು ಡಿಸ್ಕಿನಲ್ಲಿ ಮೀಸಲಿಟ್ಟ ಜಾಗ) ಇದ್ದರೆ ಇನ್ನಷ್ಟು ತಡವಾಗಿ, ಯಂತ್ರ ಏದುಸಿರು ಬಿಡತೊಡಗುತ್ತದೆ. ಆಮೇಲೆ ಟರ್ಮಿನಲ್‌ನಲ್ಲಿ ‘ಕಿಲ್ಡ್’ ಎಂಬ ಒಂದೇ ಪದ ಮೂಡಿ ಪ್ರೋಗ್ರಾಮ್ ಮಾಯವಾಗುತ್ತದೆ. ಮ್ಯಾಲಕ್ ಒಮ್ಮೆಯೂ ಸೋಲಲಿಲ್ಲ. ಅದು ಸೋತರೆ ಏನು ಮಾಡಬೇಕೆಂದು ಪ್ರೋಗ್ರಾಮಿನಲ್ಲಿ ಎಚ್ಚರಿಕೆಯಿಂದ ಬರೆದಿಟ್ಟಿದ್ದ ಸಾಲುಗಳಿಗೆ ಕೆಲಸವೇ ಬೀಳಲಿಲ್ಲ.

ಮ್ಯಾಲಕ್ ಕರೆಗೆ ಕರ್ನಲ್, ಅಂದರೆ ಯಂತ್ರದ ಮೆಮೊರಿಯನ್ನು ಪ್ರೋಗ್ರಾಮುಗಳಿಗೆ ಹಂಚುವ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಕೊಡುವುದು ಬರೀ ವಿಳಾಸಗಳ ಒಂದು ಹರವು. ‘ಇಲ್ಲಿಂದ ಇಲ್ಲಿಯವರೆಗಿನ ವಿಳಾಸಗಳು ನಿನ್ನವು’ ಎಂದು ತನ್ನ ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾಗುತ್ತದೆ. ಆ ವಿಳಾಸಗಳ ಹಿಂದೆ ನಿಜವಾದ ರ‍್ಯಾಮ್ ಬರುವುದು, ಪ್ರೋಗ್ರಾಮ್ ಮೊದಲ ಬಾರಿಗೆ ಅಲ್ಲಿ ಏನನ್ನಾದರೂ ಬರೆಯಲು ಹೋದಾಗ. ಪ್ರೊಸೆಸರ್‌ಗೆ ಆ ವಿಳಾಸದ ಹಿಂದೆ ಏನೂ ಸಿಗದೆ ಅದು ಕರ್ನಲ್‌ನ ಬಾಗಿಲು ತಟ್ಟುತ್ತದೆ. ಇದನ್ನೇ ಪೇಜ್ ಫಾಲ್ಟ್ ಎನ್ನುತ್ತಾರೆ. ಆಗ ಕರ್ನಲ್ 4096 ಬೈಟ್‌ಗಳ ಒಂದು ಪುಟವನ್ನು ಹುಡುಕಿ, ಸೊನ್ನೆಗಳಿಂದ ತೊಳೆದು, ಆ ವಿಳಾಸಕ್ಕೆ ಜೋಡಿಸಿ, ಏನೂ ಆಗಿಲ್ಲವೆಂಬಂತೆ ಪ್ರೋಗ್ರಾಮನ್ನು ಮುಂದುವರಿಸುತ್ತದೆ. ಸಾವಿರ ಮನೆಗೆ ಕರೆಯೋಲೆ ಹಂಚಿ ಆರುನೂರು ಎಲೆಗೆ ಅಡಿಗೆ ಮಾಡಿಸುವ ಮದುವೆ ಮನೆಯ ಯಜಮಾನನ ಲೆಕ್ಕ ಇದು. ಕರೆದವರೆಲ್ಲ ಬರುವುದಿಲ್ಲ, ಬಂದವರೆಲ್ಲ ಒಂದೇ ಪಂಕ್ತಿಗೆ ಕೂರುವುದಿಲ್ಲ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ, ಮತ್ತು ಬಹುಪಾಲು ದಿನ ಆ ನಂಬಿಕೆ ಸುಳ್ಳಾಗುವುದಿಲ್ಲ.

ಕೊರತೆಯನ್ನು ನಿಭಾಯಿಸಲು ಕರ್ನಲ್ ಪಡುವ ಪಾಡೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಮೆಮೊರಿ ಮುಗಿಯುವುದೆಂದರೆ ಬೈಕಿನ ಪೆಟ್ರೋಲ್ ಮೀಟರಿನಂತೆ ಮುಳ್ಳು ಸೊನ್ನೆಗೆ ಬಂದು ನಿಲ್ಲುವುದು ಎಂದು ನಾವು ಊಹಿಸಿಕೊಂಡಿರುತ್ತೇವೆ. ಕರ್ನಲ್‌ನ ಒಳಗೆ ಅಂಥ ಮುಳ್ಳು ಯಾವುದೂ ಇಲ್ಲ. ಮುಗಿಯಿತು ಎಂಬುದು ಅಲ್ಲಿ ಅಳತೆಯಿಂದ ಸಿಗುವ ಸಂಗತಿಯಾಗಿರದೆ, ಹಲವು ಪ್ರಯತ್ನಗಳು ಸೋತ ಬಳಿಕ ಕೈಗೊಳ್ಳಬೇಕಾದ ಒಂದು ತೀರ್ಮಾನವಾಗಿರುತ್ತದೆ. ಆ ತೀರ್ಮಾನ ತಡವಾಗಬಹುದು, ತಪ್ಪಾಗಬಹುದು, ಸರಿಯಾಗಿದ್ದರೂ ಅದರ ಏಟು ತಪ್ಪು ಮಾಡದವರ ಮೇಲೆ ಬೀಳಬಹುದು.

ಕೊಡುವಾಗಲೇ ಲೆಕ್ಕ ಹಿಡಿದರೆ?

ಇಲ್ಲದ್ದನ್ನು ಕೊಡುತ್ತೇನೆಂದು ಮಾತು ಕೊಡುವುದೇ ಏಕೆ ಎಂಬ ಪ್ರಶ್ನೆ ಸಹಜ. ಅದಕ್ಕೆ ಅತ್ಯಂತ ಬಲವಾದ ಉತ್ತರ ಯೂನಿಕ್ಸ್‌ನ ಫೋರ್ಕ್ ಕರೆಯಲ್ಲಿದೆ. ಫೋರ್ಕ್ ಎಂದರೆ ಒಂದು ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಮ್, ತನ್ನದೇ ಪ್ರತಿಯೊಂದನ್ನು ಹುಟ್ಟಿಸುವುದು. ತಾಯಿಯ ಮೆಮೊರಿಯನ್ನೆಲ್ಲ ಆ ಕ್ಷಣವೇ ನಕಲು ಮಾಡದೆ ಇಬ್ಬರಿಗೂ ಒಂದೇ ಪುಟಗಳನ್ನು ತೋರಿಸಿ, ಯಾರಾದರೂ ಒಂದು ಪುಟವನ್ನು ತಿದ್ದಲು ಹೋದಾಗ ಮಾತ್ರ ಆ ಪುಟದ ನಕಲು ಮಾಡಲಾಗುತ್ತದೆ. ರೆಡಿಸ್ ಎಂಬ ಡೇಟಾಬೇಸ್ ತನ್ನ ದತ್ತಾಂಶವನ್ನೆಲ್ಲ ರ‍್ಯಾಮ್‌ನಲ್ಲಿಟ್ಟುಕೊಂಡು, ಅದನ್ನು ಡಿಸ್ಕಿಗೆ ಉಳಿಸಲು ಇದೇ ಫೋರ್ಕನ್ನು ಬಳಸುತ್ತದೆ: ಮಗು ಪ್ರೊಸೆಸ್ ಆ ಕ್ಷಣದ ಚಿತ್ರವನ್ನು ಡಿಸ್ಕಿಗೆ ಬರೆಯುತ್ತಿರುವಾಗ ತಾಯಿ ಎಂದಿನಂತೆ ಕೆಲಸ ಮುಂದುವರಿಸುತ್ತದೆ. ರೆಡಿಸ್ 20 ಜಿಬಿ ಹಿಡಿದಿದ್ದರೆ, ಕಟ್ಟುನಿಟ್ಟಿನ ಲೆಕ್ಕದಲ್ಲಿ ಫೋರ್ಕ್‌ಗೆ ಇನ್ನೂ 20 ಜಿಬಿ ಬೇಕು; ವಾಸ್ತವದಲ್ಲಿ ತಗಲುವುದು ಆ ಕೆಲವು ನಿಮಿಷಗಳಲ್ಲಿ ತಾಯಿ ತಿದ್ದಿದ ಪುಟಗಳ ನಕಲಿನಷ್ಟು ಮಾತ್ರ. ಇಷ್ಟಕ್ಕಾಗಿ ಯಂತ್ರಕ್ಕೆ ಇಮ್ಮಡಿ ರ‍್ಯಾಮ್ ಹಾಕಿ ಎಂದರೆ ಯಾರು ಒಪ್ಪುತ್ತಾರೆ?

ಈ ಧೋರಣೆಯನ್ನು ಬದಲಿಸುವ ಅವಕಾಶವನ್ನು ಲಿನಕ್ಸ್ ಓವರ್‌ಕಮಿಟ್ ಎಂಬ ಸೆಟ್ಟಿಂಗಿನ ಮೂಲಕ ಕೊಡುತ್ತದೆ. ಅದರ ಬೆಲೆ 0 ಇದ್ದರೆ, ಅದೇ ಮೊದಲಿನಿಂದ ಇರುವ ಸ್ಥಿತಿ, ರ‍್ಯಾಮ್ ಮತ್ತು ಸ್ವಾಪ್ ಎರಡನ್ನೂ ಕೂಡಿಸಿದ ಮೊತ್ತಕ್ಕಿಂತ ಹೆಚ್ಚನ್ನು ಒಂದೇ ಬಾರಿಗೆ ಕೇಳುವಂಥ ಅತಿರೇಕದ ಬೇಡಿಕೆಯನ್ನು ಮಾತ್ರ ಕರ್ನಲ್ ತಳ್ಳಿಹಾಕುತ್ತದೆ. 1 ಇದ್ದರೆ ಅಷ್ಟನ್ನೂ ನೋಡುವುದಿಲ್ಲ. 2 ಇದ್ದರೆ, ಕೊಟ್ಟ ಮಾತುಗಳ ಮೊತ್ತ ಒಂದು ಮಿತಿಯನ್ನು ದಾಟದಂತೆ ಕಟ್ಟುನಿಟ್ಟಾಗಿ ಲೆಕ್ಕ ಹಿಡಿಯುತ್ತದೆ. ಆ ಮಿತಿ, ಬೇರೆ ಏನೂ ಹೇಳದಿದ್ದರೆ, ಸ್ವಾಪ್ ಪೂರ್ತಿ ಮತ್ತು ರ‍್ಯಾಮ್‌ನ ಶೇಕಡ 50. ಅಂದರೆ 16 ಜಿಬಿ ರ‍್ಯಾಮ್, 4 ಜಿಬಿ ಸ್ವಾಪ್ ಇರುವ ಯಂತ್ರದಲ್ಲಿ 12 ಜಿಬಿ. ಕುತೂಹಲದ ಸಂಗತಿಯೆಂದರೆ, ರೆಡಿಸ್‌ನ ಕೈಪಿಡಿ ಈ ಬೆಲೆಯನ್ನು 1 ಮಾಡಿ ಎನ್ನುತ್ತದೆ, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೈಪಿಡಿ 2 ಮಾಡಿ ಎನ್ನುತ್ತದೆ. ಇಬ್ಬರೂ ತಮ್ಮ ತಮ್ಮ ಕೆಲಸದ ಮಟ್ಟಿಗೆ ಸರಿಯೇ. ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಂಡವರು ಮಾತ್ರ ಯಾರ ಮಾತು ಕೇಳಬೇಕೆಂದು ತಾವೇ ಯೋಚಿಸಬೇಕು.

ವಿಂಡೋಸ್ ಮೊದಲಿನಿಂದಲೂ ಈ ಎರಡನೆಯ ಬಗೆಯ ಲೆಕ್ಕದ್ದು. ಅಲ್ಲಿ ರ‍್ಯಾಮ್ ಮತ್ತು ಪೇಜ್ ಫೈಲ್ (ಸ್ವಾಪ್‌ಗೆ ಅಲ್ಲಿನ ಹೆಸರು) ಕೂಡಿದ ಮಿತಿಯನ್ನು ಮೀರುವ ಬೇಡಿಕೆ, ಕೇಳಿದ ಕ್ಷಣದಲ್ಲೇ ನಿರಾಕರಿಸಲ್ಪಡುತ್ತದೆ. ಇದು ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ, ಆದರೆ ಸಮಸ್ಯೆಯನ್ನು ಬಗೆಹರಿಸುತ್ತದೆಂದು ನನಗೆ ಅನ್ನಿಸುವುದಿಲ್ಲ. ನಿರಾಕರಣೆ ಎದುರಾಗುವುದು ಮೆಮೊರಿಯನ್ನೆಲ್ಲ ನುಂಗಿ ಕೂತವನಿಗಲ್ಲ, ಮಿತಿ ತುಂಬಿದ ಗಳಿಗೆಯಲ್ಲಿ ನಾಲ್ಕು ಪುಟ ಕೇಳಲು ಬಂದ ಬಡಪಾಯಿಗೆ. ಜೊತೆಗೆ, ಮೆಮೊರಿ ಸಿಗದಿದ್ದಾಗ ಸರಿಯಾಗಿ ನಡೆದುಕೊಳ್ಳುವ ಪ್ರೋಗ್ರಾಮುಗಳು ಬಹಳ ಕಡಿಮೆ. ಹೆಚ್ಚಿನವು ದೋಷವನ್ನು ಕಂಡೊಡನೆ ತಾವೇ ಸತ್ತುಬೀಳುತ್ತವೆ.

ಖಾಲಿ ಎಂದರೆ ಯಾವುದು?

ಚೆನ್ನಾಗಿ ನಡೆಯುತ್ತಿರುವ ಲಿನಕ್ಸ್ ಯಂತ್ರದಲ್ಲಿ ಖಾಲಿ ಮೆಮೊರಿ ಎಷ್ಟಿದೆ ಎಂದು ನೋಡಿದರೆ ಗಾಬರಿಯಾಗುವಷ್ಟು ಕಡಿಮೆ ಇರುತ್ತದೆ. ಓದಿದ, ಬರೆದ ಪ್ರತಿಯೊಂದು ಫೈಲಿನ ಪುಟಗಳನ್ನೂ ಕರ್ನಲ್ ರ‍್ಯಾಮ್‌ನಲ್ಲೇ ಉಳಿಸಿಕೊಂಡಿರುತ್ತದೆ, ಮತ್ತೆ ಬೇಕಾದರೆ ಡಿಸ್ಕಿಗೆ ಹೋಗುವ ಶ್ರಮ ತಪ್ಪಲೆಂದು. ಆದ್ದರಿಂದ ‘ಫ್ರೀ’ ಎಂಬ ಅಂಕಿಗಿಂತ, ಕಿತ್ತುಕೊಳ್ಳಬಹುದಾದ್ದನ್ನೂ ಸೇರಿಸಿ ಅಂದಾಜು ಹೇಳುವ ‘ಅವೈಲಬಲ್’ ಎಂಬ ಅಂಕಿ ಮುಖ್ಯ. 2014ರ 3.14ನೇ ಆವೃತ್ತಿಯಿಂದ ಕರ್ನಲ್ ತಾನೇ ಇದನ್ನು ಲೆಕ್ಕ ಹಾಕಿ ತೋರಿಸುತ್ತದೆ. ಅದಾದರೂ ಅಂದಾಜೇ.

ನಿಜವಾಗಿಯೂ ಖಾಲಿ ಇರುವ ಪುಟಗಳ ಮೇಲೆ ಕರ್ನಲ್ ಮೂರು ಗುರುತುಗಳನ್ನು ಇಟ್ಟುಕೊಂಡಿರುತ್ತದೆ, ಕೆರೆಯ ತೂಬಿನ ಕಲ್ಲಿನ ಮೇಲೆ ನೀರಿನ ಮಟ್ಟ ಕೊರೆದಿಟ್ಟಂತೆ. ಮೇಲಿನದು, ಕೆಳಗಿನದು ಮತ್ತು ಕನಿಷ್ಠ. ಖಾಲಿ ಪುಟಗಳು ಕೆಳಗಿನ ಗುರುತಿಗಿಂತ ಇಳಿದರೆ ಕೆಸ್ವಾಪ್‌ಡಿ ಎಂಬ ಹಿನ್ನೆಲೆಯ ಕೆಲಸಗಾರ ಎಚ್ಚರಗೊಂಡು, ಮಟ್ಟ ಮತ್ತೆ ಮೇಲಿನ ಗುರುತು ಮುಟ್ಟುವವರೆಗೆ ಪುಟಗಳನ್ನು ಬಿಡಿಸುತ್ತ ಹೋಗುತ್ತಾನೆ. ಆಗ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅವನ ಕೈ ಸಾಲದೆ ಮಟ್ಟ ಕನಿಷ್ಠ ಗುರುತಿಗೂ ಕೆಳಗಿಳಿದರೆ, ಮೆಮೊರಿ ಕೇಳಲು ಬಂದ ಪ್ರೊಸೆಸ್‌ಗೇ ಆ ಕೆಲಸ ಅಂಟಿಕೊಳ್ಳುತ್ತದೆ: ಕಾಫಿ ಕೇಳಿ ಬಂದವನಿಗೆ ಮೊದಲು ಲೋಟ ತೊಳೆದುಕೊಂಡು ಬಾ ಎಂದ ಹಾಗೆ. ಇದಕ್ಕೆ ಡೈರೆಕ್ಟ್ ರೀಕ್ಲೈಮ್ ಎಂದು ಹೆಸರು, ಮತ್ತು ಯಂತ್ರ ತಡವರಿಸುತ್ತಿದೆ ಎಂದು ಬಳಕೆದಾರನಿಗೆ ಮೊದಲು ಅನ್ನಿಸುವುದು ಇಲ್ಲಿಯೇ. ಕನಿಷ್ಠ ಗುರುತಿನ ಕೆಳಗಿರುವುದು ಮೀಸಲು ನಿಧಿ. ನೆಟ್‌ವರ್ಕ್ ಕಾರ್ಡಿಗೆ ಈಗಷ್ಟೇ ಬಂದ ಪ್ಯಾಕೆಟ್ಟನ್ನು ಇರಿಸಿಕೊಳ್ಳುವಂಥ, ಒಂದು ಕ್ಷಣವೂ ಕಾಯಲಾಗದ ಕೆಲಸಗಳಿಗೆ ಮತ್ತು ಮೆಮೊರಿಯನ್ನು ಬಿಡಿಸುವ ಕೆಲಸದಲ್ಲೇ ತೊಡಗಿರುವವರಿಗೆ ಮಾತ್ರ ಅದರಲ್ಲಿ ಪಾಲು. ಮೆಮೊರಿ ಬಿಡಿಸುವುದಕ್ಕೂ ಒಂದಿಷ್ಟು ಮೆಮೊರಿ ಬೇಕೆಂಬುದನ್ನು ಮರೆತರೆ ಇಡೀ ವ್ಯವಸ್ಥೆ ಅಲ್ಲೇ ಸಿಕ್ಕಿಬೀಳುತ್ತದೆ.

ಬಿಡಿಸುವುದೆಂದರೆ ಯಾವುದನ್ನು? ಡಿಸ್ಕಿನಿಂದ ಓದಿ ತಿದ್ದದೆ ಉಳಿದಿರುವ ಫೈಲ್ ಪುಟಗಳನ್ನು ಹಾಗೆಯೇ ಬಿಸಾಡಬಹುದು, ಮೂಲ ಪ್ರತಿ ಡಿಸ್ಕಿನಲ್ಲಿ ಇದ್ದೇ ಇದೆ. ತಿದ್ದಿದ ಫೈಲ್ ಪುಟಗಳನ್ನು ಮೊದಲು ಡಿಸ್ಕಿಗೆ ಬರೆದು ಆಮೇಲೆ ಬಿಸಾಡಬೇಕು. ಮ್ಯಾಲಕ್‌ನಿಂದ ಬಂದ ಪುಟಗಳಿಗೆ, ಕರ್ನಲ್‌ನವರು ಅವನ್ನು ಅನಾನಿಮಸ್ ಎನ್ನುತ್ತಾರೆ, ಡಿಸ್ಕಿನಲ್ಲಿ ಮನೆಯಿಲ್ಲ. ಸ್ವಾಪ್ ಇದ್ದರೆ ಅಲ್ಲಿಗೆ ಸಾಗಿಸಬಹುದು, ಇಲ್ಲದಿದ್ದರೆ ಅವು ಕದಲುವಂತಿಲ್ಲ. ಇವುಗಳ ಜೊತೆ ಫೈಲುಗಳ ಹೆಸರು ಮತ್ತು ವಿವರಗಳನ್ನು ಹಿಡಿದಿಟ್ಟುಕೊಂಡ ಕರ್ನಲ್‌ನ ಸ್ವಂತ ಸಂಗ್ರಹಗಳನ್ನೂ ಕುಗ್ಗಿಸಬಹುದು.

ಮುಗಿದೂ ಮುಗಿಯದ ಸ್ಥಿತಿ

‘ಸ್ವಾಪ್ ಇದ್ದರೆ ಯಂತ್ರ ನಿಧಾನವಾಗುತ್ತದೆ, ಆದ್ದರಿಂದ ತೆಗೆದುಹಾಕಿದ್ದೇನೆ’ ಎನ್ನುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ನಾನೂ ಕೆಲವು ವರ್ಷ ಹಾಗೆಯೇ ಮಾಡಿಕೊಂಡಿದ್ದೆ. ಸ್ವಾಪ್ ಇಲ್ಲದ ಯಂತ್ರದಲ್ಲಿ ಮೆಮೊರಿ ತುಂಬುತ್ತ ಬಂದಾಗ ಏನಾಗುತ್ತದೆಂದು ನಿಧಾನವಾಗಿ ನೋಡಿದರೆ ಈ ನಂಬಿಕೆಯ ಪೊಳ್ಳು ತಿಳಿಯುತ್ತದೆ. ಅನಾನಿಮಸ್ ಪುಟಗಳನ್ನು ಮುಟ್ಟುವಂತಿಲ್ಲ. ಬೆಳಿಗ್ಗೆ ತೆರೆದು ಮರೆತುಬಿಟ್ಟ ಬ್ರೌಸರ್ ಟ್ಯಾಬಿನ ಪುಟಗಳೂ ಅದರಲ್ಲಿ ಸೇರಿವೆ, ಅವನ್ನೂ ಮುಟ್ಟುವಂತಿಲ್ಲ. ಉಳಿಯುವುದು ಫೈಲ್ ಪುಟಗಳು, ಮತ್ತು ಆ ಫೈಲ್ ಪುಟಗಳಲ್ಲಿ ಈಗ ಓಡುತ್ತಿರುವ ಪ್ರೋಗ್ರಾಮುಗಳ ಕೋಡ್ ಕೂಡ ಸೇರಿದೆ, ಏಕೆಂದರೆ ಪ್ರೋಗ್ರಾಮ್ ಎಂಬುದೂ ಡಿಸ್ಕಿನ ಮೇಲಿನ ಒಂದು ಫೈಲೇ. ಕರ್ನಲ್ ಅದನ್ನು ಬಿಸಾಡುತ್ತದೆ. ಮರುಕ್ಷಣವೇ ಪ್ರೊಸೆಸರ್ ಆ ಸೂಚನೆಗಳನ್ನು ನಡೆಸಲು ಬಂದು, ಪುಟ ಇಲ್ಲದ್ದನ್ನು ಕಂಡು, ಮತ್ತೆ ಡಿಸ್ಕಿನಿಂದ ಓದಿಸುತ್ತದೆ. ಅದಕ್ಕೆ ಜಾಗ ಮಾಡಲು ಇನ್ನೊಂದು ಪ್ರೋಗ್ರಾಮಿನ ಕೋಡ್ ಹೋಗುತ್ತದೆ. ಮೌಸ್‌ನ ಬಾಣ ನಿಂತಲ್ಲೇ ನಿಲ್ಲುತ್ತದೆ, ಗಡಿಯಾರದ ನಿಮಿಷ ಬದಲಾಗುವುದಿಲ್ಲ, ಡಿಸ್ಕಿನ ದೀಪ ಮಾತ್ರ ಎಡೆಬಿಡದೆ ಉರಿಯುತ್ತದೆ. ಈ ಸ್ಥಿತಿಗೆ ಥ್ರ್ಯಾಶಿಂಗ್ ಎಂದು ಹೆಸರು. ಚಿಕ್ಕ ಸ್ವಾಪ್ ಒಂದಿದ್ದಿದ್ದರೆ ಮರೆತುಬಿಟ್ಟ ಆ ಟ್ಯಾಬ್ ಅಲ್ಲಿಗೆ ಹೋಗಿ, ಓಡುತ್ತಿರುವ ಕೋಡ್ ರ‍್ಯಾಮ್‌ನಲ್ಲಿ ಉಳಿಯುತ್ತಿತ್ತು.

ನೋಡುವವನಿಗೆ ಇಲ್ಲಿ ಮೆಮೊರಿ ಎಂದೋ ಮುಗಿದಿದೆ. ಕರ್ನಲ್‌ಗೆ ಮುಗಿದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಪುಟಗಳು ಬಿಡುಗಡೆಯಾಗುತ್ತಲೇ ಇವೆ. ಬೇಡಿಕೆ ಪೂರೈಸಲಾಗದೆ ಹೋದಾಗ ಅದು ಮತ್ತೆ ಮತ್ತೆ ಪುಟ ಬಿಡಿಸಲು ಯತ್ನಿಸುತ್ತದೆ. ಒಂದು ಪುಟವನ್ನೂ ಬಿಡಿಸಲಾಗದ ಸುತ್ತುಗಳು ಸತತವಾಗಿ 16 ಕಳೆದರೆ, ಅಥವಾ ಬಿಡಿಸಬಹುದಾದ್ದನ್ನೆಲ್ಲ ಬಿಡಿಸಿದರೂ ಕನಿಷ್ಠ ಗುರುತು ಮುಟ್ಟಲಾಗದೆಂದು ಲೆಕ್ಕ ಹೇಳಿದರೆ ಮಾತ್ರ ಕೈಚೆಲ್ಲುತ್ತದೆ. ನಡುವೆ ಸ್ವಲ್ಪ ಪುಟಗಳು ಸಿಕ್ಕರೂ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಸಿಕ್ಕ ಪುಟ ಅರೆ ಸೆಕೆಂಡಿನಲ್ಲಿ ಮತ್ತೆ ಓದಿಸಿಕೊಳ್ಳಲಿದೆ ಎಂಬುದು ಆ ಎಣಿಕೆಗೆ ಕಾಣುವುದಿಲ್ಲ. ನಿಧಾನವಾದ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಈ ಎಣಿಕೆ ಮುಗಿಯುವಷ್ಟರಲ್ಲಿ ಬಳಕೆದಾರ ಪವರ್ ಬಟನ್ ಒತ್ತಿ ಹಿಡಿದಿರುತ್ತಾನೆ.

ಈ ಕುರುಡುತನಕ್ಕೆ ಮದ್ದು ನಿಧಾನವಾಗಿ ಬಂತು. ಬಿಸಾಡಿದ ಪುಟವೊಂದು ಎಷ್ಟು ಬೇಗ ಮರಳಿ ಬಂತೆಂದು ಗುರುತಿಟ್ಟುಕೊಳ್ಳುವ ವ್ಯವಸ್ಥೆ 2014ರ 3.15ನೇ ಆವೃತ್ತಿಯಲ್ಲಿ ಸೇರಿತು. ಅದರ ಹಿಂದಿದ್ದ ಯೊಹಾನೆಸ್ ವೈನರ್ ಅವರೇ ಫೇಸ್‌ಬುಕ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ರೂಪಿಸಿದ ಪ್ರೆಶರ್ ಸ್ಟಾಲ್ ಇನ್ಫರ್ಮೇಶನ್, ಚುಟುಕಾಗಿ ಪಿಎಸ್ಐ, 2018ರ ಕೊನೆಯಲ್ಲಿ 4.20ನೇ ಆವೃತ್ತಿಯೊಂದಿಗೆ ಬಂತು. ಎಷ್ಟು ಪುಟ ಖಾಲಿ ಇದೆ ಎಂಬ ಪ್ರಶ್ನೆಯನ್ನು ಅದು ಬದಿಗಿಟ್ಟು, ಮೆಮೊರಿಗಾಗಿ ಕಾಯುತ್ತ ಕೆಲಸಗಳು ಎಷ್ಟು ಸಮಯ ಕಳೆದವು ಎಂದು ಅಳೆಯುತ್ತದೆ. ಕಳೆದ 10, 60 ಮತ್ತು 300 ಸೆಕೆಂಡುಗಳ ಸರಾಸರಿ ಅದರಲ್ಲಿ ಸಿಗುತ್ತದೆ. ಹತ್ತು ಸೆಕೆಂಡಿನಲ್ಲಿ ನಾಲ್ಕು ಸೆಕೆಂಡು ಎಲ್ಲರೂ ಒಟ್ಟಿಗೇ ಸುಮ್ಮನೆ ಕಾಯುತ್ತ ನಿಂತಿದ್ದರೆ, ಖಾಲಿ ಪುಟಗಳ ಅಂಕಿ ಏನೇ ಹೇಳಲಿ, ಆ ಯಂತ್ರದಲ್ಲಿ ಮೆಮೊರಿ ಇಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಆದ ಅತಿ ಮುಖ್ಯವಾದ ಬದಲಾವಣೆ ಇದೇ.

ಯಾರನ್ನು ಕೊಲ್ಲುವುದು?

ಕೈಚೆಲ್ಲಿದ ಬಳಿಕ ಉಳಿಯುವುದು ಓಓಎಂ ಕಿಲ್ಲರ್, ಅಂದರೆ ಔಟ್ ಆಫ್ ಮೆಮೊರಿ ಕಿಲ್ಲರ್. ಒಂದು ಪ್ರೊಸೆಸನ್ನು ಆರಿಸಿ ಕೊಂದು, ಅದು ಹಿಡಿದಿದ್ದ ಮೆಮೊರಿಯನ್ನು ಉಳಿದವರಿಗೆ ಹಂಚುವುದು ಅದರ ಕೆಲಸ. ಆದರೆ ಪ್ರತಿಯೊಂದು ಕೊರತೆಗೂ ಅದು ಕತ್ತಿ ಹಿರಿಯುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ 8 ಪುಟಗಳಿಗಿಂತ, ಅಂದರೆ 32 ಕೆಬಿಗಿಂತ ದೊಡ್ಡ ತುಂಡನ್ನು ಕರ್ನಲ್‌ನ ಯಾವುದೋ ಭಾಗ ಕೇಳಿ ಅದು ಸಿಗದಿದ್ದರೆ ಆ ಬೇಡಿಕೆಯೇ ಸೋಲುತ್ತದೆ, ಯಾರೂ ಸಾಯುವುದಿಲ್ಲ. ಚೂರುಚೂರಾಗಿ ಹರಡಿದ ಖಾಲಿ ಜಾಗ ಒಬ್ಬರನ್ನು ಕೊಂದರೂ ಒಟ್ಟುಗೂಡುತ್ತದೆಂಬ ಖಾತರಿಯಿಲ್ಲ. ಸಣ್ಣ ಬೇಡಿಕೆಗಳ ವಿಷಯದಲ್ಲಿ ಮಾತ್ರ ಕರ್ನಲ್ ‘ಇಲ್ಲ’ ಎನ್ನಲಾರದೆ ಕೊಲ್ಲುವ ದಾರಿ ಹಿಡಿಯುತ್ತದೆ.

ಆಯ್ಕೆಯ ನಿಯಮ ಹಿಂದೆ ಬಹಳ ಜಟಿಲವಾಗಿತ್ತು. ಎಷ್ಟು ಹೊತ್ತಿನಿಂದ ಓಡುತ್ತಿದೆ, ಎಷ್ಟು ಸಿಪಿಯು ಸಮಯ ಬಳಸಿದೆ, ಮಕ್ಕಳು ಎಷ್ಟು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತಿತ್ತು, ಮತ್ತು ಫಲಿತಾಂಶ ಏನೆಂದು ಮೊದಲೇ ಹೇಳುವುದು ಯಾರಿಗೂ ಆಗುತ್ತಿರಲಿಲ್ಲ. 2010ರಲ್ಲಿ 2.6.36ನೇ ಆವೃತ್ತಿಗಾಗಿ ಡೇವಿಡ್ ರಿಯೆಂಟ್ಸ್ ಅದನ್ನು ಹೊಸದಾಗಿ ಬರೆದರು. ಈಗಿನ ನಿಯಮ ಸರಳ: ಪ್ರೊಸೆಸ್ ರ‍್ಯಾಮ್‌ನಲ್ಲಿ ಹಿಡಿದಿರುವ ಪುಟಗಳು, ಸ್ವಾಪ್‌ನಲ್ಲಿರುವ ಅದರ ಪುಟಗಳು, ಯಾವ ವಿಳಾಸದ ಹಿಂದೆ ಯಾವ ಪುಟವಿದೆಯೆಂದು ಬರೆದಿಟ್ಟ ಅದರ ಪೇಜ್ ಟೇಬಲ್‌ಗಳು ಇವುಗಳ ಮೊತ್ತ. ಅದಕ್ಕೆ ನಿರ್ವಾಹಕ ಕೊಟ್ಟ ಓಓಎಂ ಸ್ಕೋರ್ ಅಡ್ಜಸ್ಟ್ ಎಂಬ ತಿದ್ದುಪಡಿ ಸೇರುತ್ತದೆ. ಈ ತಿದ್ದುಪಡಿ −1000ದಿಂದ 1000ದವರೆಗೆ ಇರಬಹುದು. ಒಂದೊಂದು ಅಂಕವೂ ಒಟ್ಟು ಮೆಮೊರಿಯ ಸಾವಿರದಲ್ಲೊಂದು ಪಾಲಿಗೆ ಸಮ. −1000 ಎಂದರೆ ಪೂರ್ಣ ಅಭಯ. ಮೊದಲ ಪ್ರೊಸೆಸ್ ಆದ ಇನಿಟ್ ಮತ್ತು ಕರ್ನಲ್‌ನ ಸ್ವಂತ ಥ್ರೆಡ್‌ಗಳನ್ನು ಮುಟ್ಟುವುದಿಲ್ಲ. ಉಳಿದವರಲ್ಲಿ ಯಾರ ಮೊತ್ತ ಎಲ್ಲಕ್ಕಿಂತ ಹೆಚ್ಚೋ ಅವರ ಸರದಿ.

ಒಂದು ಉದಾಹರಣೆಯಲ್ಲಿ ಇದನ್ನು ಹಾಕಿ ನೋಡೋಣ. 8 ಜಿಬಿಯ, ಸ್ವಾಪ್ ಇಲ್ಲದ ಸರ್ವರ್. ಡೇಟಾಬೇಸ್ 3 ಜಿಬಿ ಹಿಡಿದು ತಿಂಗಳಿಂದ ಅಷ್ಟರಲ್ಲೇ ಇದೆ. ವೆಬ್ ಅಪ್ಲಿಕೇಶನ್ನಿನ 12 ವರ್ಕರ್‌ಗಳಿವೆ. ಎಲ್ಲೋ ಸೋರಿಕೆಯಾಗಿ ಒಂದೊಂದೂ 100 ಎಂಬಿಯಿಂದ 400 ಎಂಬಿಗೆ ಬೆಳೆದಿವೆ. ಸಾವಿರದ ಲೆಕ್ಕದಲ್ಲಿ ಡೇಟಾಬೇಸಿಗೆ ಸುಮಾರು 375 ಅಂಕ, ಒಂದೊಂದು ವರ್ಕರ್‌ಗೆ ಸುಮಾರು 50. ತಪ್ಪು ಮಾಡಿದ್ದು ವರ್ಕರ್‌ಗಳು, ಸಾಯುವುದು ಡೇಟಾಬೇಸ್. ನಿರ್ವಾಹಕ ಡೇಟಾಬೇಸಿಗೆ −300 ತಿದ್ದುಪಡಿ ಕೊಟ್ಟನೆನ್ನಿ. 75 ಉಳಿಯುತ್ತದೆ, ಆಗಲೂ ಅದೇ ಸಾಯುತ್ತದೆ. −350 ಕೊಟ್ಟರೆ 25ಕ್ಕಿಳಿದು ಬದುಕುತ್ತದೆ, ಒಂದು ವರ್ಕರ್ ಸಾಯುತ್ತದೆ. ಬಿಡುಗಡೆಯಾದದ್ದು ಬರೀ 400 ಎಂಬಿ. ಸತ್ತ ವರ್ಕರ್‌ನ ಜಾಗಕ್ಕೆ ಅದರ ಮೇಲ್ವಿಚಾರಕ ಹೊಸದೊಂದನ್ನು ತಕ್ಷಣ ಹುಟ್ಟಿಸುತ್ತಾನೆ, ಉಳಿದ ಹನ್ನೊಂದೂ ಬೆಳೆಯುತ್ತಲೇ ಇರುತ್ತವೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಕೊಲೆ. ಇಂಥ ಸರ್ವರ್ ಪೂರ್ತಿ ಬೀಳುವುದೂ ಇಲ್ಲ, ನೆಟ್ಟಗೆ ನಿಲ್ಲುವುದೂ ಇಲ್ಲ. ಕರ್ನಲ್ ಹಂಚಿ ಹೋದ ತಪ್ಪನ್ನು ಕಾಣಲಾರದು, ಅದಕ್ಕೆ ಕಾಣುವುದು ಒಂದೇ ಕಡೆ ಗುಡ್ಡೆಯಾದ ಮೆಮೊರಿ.

ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ಇನ್ನೊಂದು ಸುತ್ತು ಸೇರುತ್ತದೆ. ಅದು ಪ್ರತಿಯೊಂದು ಸಂಪರ್ಕಕ್ಕೂ ಒಂದು ಪ್ರೊಸೆಸ್ ಇಟ್ಟುಕೊಂಡು, ಎಲ್ಲವೂ ಒಂದೇ ದೊಡ್ಡ ಹಂಚಿಕೆಯ ಮೆಮೊರಿಯಲ್ಲಿ ಕೈಯಾಡಿಸುವಂತೆ ಮಾಡುತ್ತದೆ. ಅದರಲ್ಲಿ ಒಂದನ್ನು ಹೊರಗಿನವರು ಕೊಂದರೆ, ಹಂಚಿಕೆಯ ಮೆಮೊರಿ ಅರ್ಧಂಬರ್ಧ ತಿದ್ದಿದ ಸ್ಥಿತಿಯಲ್ಲಿರಬಹುದೆಂಬ ನ್ಯಾಯವಾದ ಅನುಮಾನದಿಂದ ಮುಖ್ಯ ಪ್ರೊಸೆಸ್ ಎಲ್ಲ ಸಂಪರ್ಕಗಳನ್ನೂ ಕಡಿದು ಮೊದಲಿನಿಂದ ಚೇತರಿಸಿಕೊಳ್ಳುತ್ತದೆ. ಸತ್ತದ್ದು ಒಂದು, ಹೊರಬಿದ್ದವರು ಎಲ್ಲರೂ. ಅದರ ಕೈಪಿಡಿ ಓವರ್‌ಕಮಿಟ್ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿರುವುದು ಇದಕ್ಕೇ.

ಆರಿಸಿದ ಪ್ರೊಸೆಸ್‌ಗೆ ಕರ್ನಲ್ ಕಳಿಸುವುದು 9ನೇ ಸಂಖ್ಯೆಯ ಸಿಗ್ನಲ್. ಅದನ್ನು ತಡೆಯುವಂತಿಲ್ಲ, ಕೊನೆಯ ಮಾತು ಬರೆದಿಡಲೂ ಅವಕಾಶವಿಲ್ಲ. ಸತ್ತ ಪ್ರೋಗ್ರಾಮಿನ ಸ್ವಂತ ಲಾಗ್‌ನಲ್ಲಿ ಯಾವ ದೋಷವೂ ಕಾಣದಿರುವುದು ಇದರಿಂದಲೇ. ಸಿಗ್ನಲ್ ಕಳಿಸಿದ ಮಾತ್ರಕ್ಕೆ ಪ್ರೊಸೆಸ್ ಸಾಯುತ್ತದೆಂದೂ ಇಲ್ಲ. ಫೈಲ್ ವ್ಯವಸ್ಥೆಯ ಒಂದು ಲಾಕನ್ನು (ಒಮ್ಮೆಗೆ ಒಬ್ಬರೇ ಹಿಡಿಯಬಹುದಾದ ಬೀಗ) ಹಿಡಿದುಕೊಂಡಿರುವ ಪ್ರೊಸೆಸ್ ಒಂದು ಪುಟ ಮೆಮೊರಿ ಕೇಳುತ್ತದೆ, ಸಿಗದೆ ಕಾಯುತ್ತದೆ. ಕರ್ನಲ್ ಇನ್ನೊಂದು ಪ್ರೊಸೆಸನ್ನು ಕೊಲ್ಲಲು ಆರಿಸುತ್ತದೆ. ಆದರೆ ಅದು ಅದೇ ಲಾಕಿಗಾಗಿ ಕಾಯುತ್ತ ನಿಂತಿದೆ, ಲಾಕ್ ಸಿಗದೆ ಸಾಯಲೂ ಆಗದು. ಸಾಯಬೇಕಾದದ್ದು ಲಾಕಿಗೆ, ಲಾಕ್ ಹಿಡಿದದ್ದು ಮೆಮೊರಿಗೆ, ಮೆಮೊರಿ ಸಾವಿಗೆ ಕಾಯುತ್ತ ಯಂತ್ರ ಹಾಗೆಯೇ ಹೆಪ್ಪುಗಟ್ಟುತ್ತದೆ. ವರ್ಷಗಳ ಕಾಲ ಕಾಡಿದ ಈ ಗಂಟನ್ನು ಸಡಿಲಿಸಲು ಮಿಖಾಲ್ ಹೊಕೊ ಅವರು 2016ರಲ್ಲಿ, 4.6ನೇ ಆವೃತ್ತಿಗೆ, ಓಓಎಂ ರೀಪರ್ ಎಂಬ ಪ್ರತ್ಯೇಕ ಥ್ರೆಡ್ ಸೇರಿಸಿದರು. ಮರಣದಂಡನೆ ಪಡೆದ ಪ್ರೊಸೆಸ್ ತಾನಾಗಿ ಸಾಯುವವರೆಗೂ ಕಾಯದೆ ಅದರ ಅನಾನಿಮಸ್ ಪುಟಗಳನ್ನು ಇದು ಮೊದಲೇ ಕಿತ್ತುಕೊಳ್ಳುತ್ತದೆ. ಹೇಗೂ ಅದು ಮತ್ತೆ ತನ್ನ ಕೋಡನ್ನು ನಡೆಸಲಾರದು, ಆ ಪುಟಗಳನ್ನು ನೋಡುವವರೂ ಇಲ್ಲ.

ಕರ್ನಲ್‌ಗಿಂತ ಮೊದಲೇ

ಕರ್ನಲ್‌ನ ತೀರ್ಮಾನ ತಡವಾಗುತ್ತದೆಂದ ಮೇಲೆ ಅದಕ್ಕಿಂತ ಮೊದಲೇ ಯಾರಾದರೂ ತೀರ್ಮಾನಿಸಬಾರದೇಕೆ? ಈ ದಾರಿಯನ್ನು ನಾವು ದಿನವೂ ಕಾಣುತ್ತಿರುತ್ತೇವೆ. ಕಡಿಮೆ ರ‍್ಯಾಮ್‌ನ ಫೋನಿನಲ್ಲಿ ಹಣ ಕಳಿಸಲು ಆ್ಯಪ್ ತೆರೆದು, ಒಟಿಪಿ ನೋಡಲು ಮೆಸೇಜಿಗೆ ಹೋಗಿ, ಮರಳಿ ಬರುವಷ್ಟರಲ್ಲಿ ಆ್ಯಪ್ ಮತ್ತೆ ಮೊದಲ ಪರದೆಯಿಂದ ಶುರುವಾಗಿರುತ್ತದೆ. ನಡುವೆ ಅದನ್ನು ಕೊಂದದ್ದು ಬಹುಶಃ ಆಂಡ್ರಾಯ್ಡ್‌ನ ಎಲ್‌ಎಂಕೆಡಿ ಎಂಬ ಪ್ರೋಗ್ರಾಮ್. ಮೊದಲು ಈ ಕೆಲಸ ಕರ್ನಲ್‌ನ ಒಳಗೇ ಒಂದು ಡ್ರೈವರ್ ಆಗಿತ್ತು, 2017ರ 4.12ನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಲಾಯಿತು, ಹೊಣೆ ಹೊರಗಿನ ಪ್ರೋಗ್ರಾಮಿಗೆ ಬಂತು. ಕಣ್ಣೆದುರಿನ ಆ್ಯಪ್‌ಗೆ ತಿದ್ದುಪಡಿ 0, ಹಿಂದೆ ಸರಿದು ಸುಮ್ಮನೆ ಉಳಿದವಕ್ಕೆ 900 ಅಥವಾ ಅದಕ್ಕೂ ಮೇಲೆ. ದೊಡ್ಡ ಅಂಕಿಯವರು ಮೊದಲು ಹೋಗುತ್ತಾರೆ. ಯಾರು ಮುಖ್ಯ ಎಂಬುದು ಆಂಡ್ರಾಯ್ಡ್‌ಗೆ ಗೊತ್ತು, ಕರ್ನಲ್‌ಗೆ ಗೊತ್ತಿಲ್ಲ. ಅಷ್ಟೇ ವ್ಯತ್ಯಾಸ, ಆದರೆ ಎಲ್ಲ ವ್ಯತ್ಯಾಸವೂ ಅದೇ.

ಡೆಸ್ಕ್‌ಟಾಪಿನಲ್ಲಿ ಫೆಡೋರಾ ಎಂಬ ಲಿನಕ್ಸ್ 2020ರಲ್ಲಿ ಅರ್ಲಿಊಮ್ ಎಂಬ ಕಾವಲುಗಾರನನ್ನೂ, 2021ರಲ್ಲಿ ಪಿಎಸ್ಐ ನೋಡಿ ತೀರ್ಮಾನಿಸುವ ಸಿಸ್ಟಮ್‌ಡಿ-ಊಮ್‌ಡಿಯನ್ನೂ ಒಳಗೊಂಡಿತು. ಉಬುಂಟು 22.04 ಎರಡನೆಯದನ್ನು ಅಳವಡಿಸಿಕೊಂಡಾಗ, ಬ್ರೌಸರ್ ಇದ್ದಕ್ಕಿದ್ದಂತೆ ಮುಚ್ಚಿಹೋಗುತ್ತಿದೆ ಎಂದು ದೂರುಗಳು ಬಂದವು. ತಡವಾದ ತೀರ್ಮಾನ ಬೇಡವೆಂದವರಿಗೆ ಅವಸರದ ತೀರ್ಮಾನ ಸಿಕ್ಕಿತು.

ಒಂದೇ ಯಂತ್ರದಲ್ಲಿ ಪ್ರೋಗ್ರಾಮುಗಳನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟಂತೆ ಓಡಿಸುವ ಕಂಟೇನರ್‌ಗಳ ಲೋಕದಲ್ಲಿ ಕೊರತೆಯ ಅರ್ಥವೇ ಬೇರೆ. ಅಲ್ಲಿ ಕರ್ನಲ್‌ನ ಸಿಗ್ರೂಪ್ ವ್ಯವಸ್ಥೆ ಪ್ರತಿ ಕಂಟೇನರ್‌ಗೂ ಒಂದು ಗೋಡೆ ಕಟ್ಟಿರುತ್ತದೆ. ಗೋಡೆಯೊಳಗಿನದು ಮುಗಿದು, ಒಳಗೆ ಬಿಡಿಸಲು ಏನೂ ಉಳಿಯದಿದ್ದರೆ, ಹೊರಗೆ 200 ಜಿಬಿ ಖಾಲಿ ಬಿದ್ದಿದ್ದರೂ ಕೊಲೆ ಗೋಡೆಯೊಳಗೆ ನಡೆಯುತ್ತದೆ. ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನಲ್ಲಿ ಕೆಲಸ ಮಾಡುವವರು ದಿನವೂ ನೋಡುವ, ಪ್ರೊಸೆಸ್ ಹೇಗೆ ಮುಗಿಯಿತೆಂದು ಹೇಳುವ 137 ಎಂಬ ಸಂಖ್ಯೆ 128ಕ್ಕೆ ಸಿಗ್ನಲ್‌ನ 9 ಸೇರಿಸಿದ್ದು.

ಕೊಲೆಯಾದಾಗ ಕರ್ನಲ್ ತನ್ನ ಲಾಗ್‌ನಲ್ಲಿ ಒಂದು ದೀರ್ಘ ವರದಿ ಬರೆದಿಡುತ್ತದೆ. ಅದರ ಮೊದಲ ಸಾಲಿನಲ್ಲಿ ‘ಓಓಎಂ ಕಿಲ್ಲರ್‌ನನ್ನು ಕರೆದದ್ದು ಇಂಥವರು’ ಎಂದು ಒಂದು ಹೆಸರಿರುತ್ತದೆ, ಕೊನೆಯ ಸಾಲಿನಲ್ಲಿ ಕೊಲೆಯಾದವರ ಹೆಸರು. ಮೊದಲ ಹೆಸರು ಆ ಗಳಿಗೆಯಲ್ಲಿ ಮೆಮೊರಿ ಕೇಳಿದವರದು ಮಾತ್ರ. ಅವರನ್ನೇ ಅಪರಾಧಿಯೆಂದು ಹಿಡಿಯುವುದು ಎಲ್ಲರೂ ಮಾಡುವ ಮೊದಲ ತಪ್ಪು. ನಡುವೆ ಎಲ್ಲ ಪ್ರೊಸೆಸ್‌ಗಳ ಪಟ್ಟಿ ಇರುತ್ತದೆ. ಪ್ರೊಸೆಸ್ ರ‍್ಯಾಮ್‌ನಲ್ಲಿ ಹಿಡಿದಿರುವುದನ್ನು ಹೇಳುವ ಆರ್‌ಎಸ್‌ಎಸ್ ಎಂಬ ಕಾಲಮ್ಮಿನ ಅಂಕಿಗಳು ಕೆಬಿಯಲ್ಲಿಲ್ಲ, ಪುಟಗಳಲ್ಲಿವೆ. 4ರಿಂದ ಗುಣಿಸಿದರೆ ಕೆಬಿ ಬರುತ್ತದೆ. ಇದು ತಿಳಿಯದೆ ನಾನೊಮ್ಮೆ ಇಡೀ ಮಧ್ಯಾಹ್ನ, ಮುಕ್ಕಾಲು ಪಾಲು ಮೆಮೊರಿ ಎಲ್ಲಿ ಹೋಯಿತೆಂದು ಹುಡುಕಿದ್ದೇನೆ. ಗುಣಿಸಿ ಕೂಡಿಸಿದ ಮೇಲೂ ಮೊತ್ತ ರ‍್ಯಾಮ್‌ನ ಹತ್ತಿರ ಬಾರದಿದ್ದರೆ, ಮೆಮೊರಿ ಯಾವ ಪ್ರೊಸೆಸ್‌ನ ಕೈಯಲ್ಲೂ ಇಲ್ಲ ಎಂದರ್ಥ. ಆಗ ಅದೇ ವರದಿಯಲ್ಲಿ ಮೇಲಕ್ಕೆ ಹೋಗಿ ಎರಡು ಅಂಕಿಗಳನ್ನು ನೋಡಬೇಕು: ಬಿಡಿಸಲಾಗದ ಸ್ಲ್ಯಾಬ್, ಅಂದರೆ ಕರ್ನಲ್ ತಾನೇ ಹಿಡಿದುಕೊಂಡದ್ದು, ಮತ್ತು ಶ್ಮೆಮ್, ಅಂದರೆ ಯಾರೋ ಟೆಂಪ್‌ಎಫ್ಎಸ್‌ನಲ್ಲಿ (ಡಿಸ್ಕಿನ ಬದಲು ಮೆಮೊರಿಯಲ್ಲೇ ಇರುವ ಫೈಲ್ ವ್ಯವಸ್ಥೆ) ಬರೆದು ಅಳಿಸಲು ಮರೆತ ಫೈಲುಗಳು ಅಡಗಿರುವ ಜಾಗ. ಅಂಥ ಫೈಲಿಗೆ ಒಡೆಯನಾದ ಪ್ರೊಸೆಸ್ ಇರುವುದಿಲ್ಲ. ಓಓಎಂ ಕಿಲ್ಲರ್ ಎಷ್ಟು ಮಂದಿಯನ್ನು ಕೊಂದರೂ ಅದು ಅಲ್ಲೇ ಇರುತ್ತದೆ, ಯಾರಾದರೂ ಹೋಗಿ ಅಳಿಸುವವರೆಗೆ.